ಆಣೆ ಬಿದ್ದ ಗಾಡಿ

ಬಂಡಿಗಳಿಗೂ ಬಾಯಿ ಇದ್ದ ಕಾಲವೊಂದಿತ್ತಂತೆ. ಆಗ ಘಟ್ಟದ ಬುಡದ ಒಂದೂರಿನಲ್ಲಿ ಕಮ್ಮಾರನೊಬ್ಬ ಕಬ್ಬಿಣದ ಕೋಣ ಮಾಡಿ, ಅದರ ಕಿವಿಗೆ ಗಾಳಿ ಊದಿ ಜೀವ ಬರಿಸಿ, ಒಬ್ಬ ಒಕ್ಕಲಿನವನ ಕೈಗೆ ಹಗ್ಗ ಕೊಟ್ಟನಂತೆ. ಕೋಣ ಹೇಳಿತಂತೆ: "ನಾನು ಹುಲ್ಲು ಕೇಳುವುದಿಲ್ಲ, ಬೈಹುಲ್ಲೂ ಕೇಳುವುದಿಲ್ಲ. ಅಮಾವಾಸ್ಯೆಗೊಮ್ಮೆ ನನ್ನ ಕೀಲಿಗೆ ಎಣ್ಣೆ ಬಿಡು, ನನ್ನ ಗೊರಸು ಎತ್ತಿ ನೋಡು. ಅಷ್ಟು ಮಾಡಿದರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ದುಡಿಯುತ್ತೇನೆ. ಮಾಡದಿದ್ದರೆ ನನ್ನ ಕೂಲಿ ನಾನೇ ತೆಗೆದುಕೊಳ್ಳುತ್ತೇನೆ." ಒಕ್ಕಲಿನವ ಮೊದಲ ಅಮಾವಾಸ್ಯೆ ಮರೆತ. ಕೋಣ ಅವನ ಕೋಳಿಯನ್ನು ತಿಂದಿತು, ಗರಿ ಸಮೇತ. ಎರಡನೆಯದನ್ನೂ ಮರೆತ. ಕೋಣ ಅವನ ನಾಯಿಯನ್ನು ತಿಂದಿತು, ಸರಪಳಿ ಸಮೇತ. ಮೂರನೆಯದನ್ನು ಅವನು ಮರೆಯಲಿಲ್ಲ, ಬೇಕೆಂದೇ ಬಿಟ್ಟ. ಆವತ್ತು ಕೋಣ ಏನು ತಿಂದಿತೆಂದು ಅಜ್ಜಿಯಂದಿರು ಹೇಳುವುದಿಲ್ಲ. ದೀಪ ಸಣ್ಣ ಮಾಡಿ, ಇನ್ನು ಮಲಗು ಎನ್ನುತ್ತಾರೆ.

ಆ ಕೋಣ ಸತ್ತಿರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ವರ್ಷ ಅದು ಬಂಟ್ವಾಳ ತಾಲೂಕಿನ ಸಿದ್ದಕಟ್ಟೆಗೆ ಬಂತು. ಹಸಿರು ಬಣ್ಣ, ಎರಡು ಬಾಗಿಲು, ಹಿಂದೆ ತೆರೆದ ತೊಟ್ಟಿ. ಯಾವುದೋ ಇಲಾಖೆಯವರು ಓಡಿಸಿ ಓಡಿಸಿ ಹರಾಜಿಗಿಟ್ಟ ಹಳೆಯ ಪಿಕಪ್ ಅದು. ಕೊಂಡವರು ಇಬ್ಬರು. ಕೆಂಪುಕಲ್ಲಿನ ಕೋರೆ ಇಟ್ಟುಕೊಂಡಿದ್ದ ಮಾಯಿಲಪ್ಪ ಒಬ್ಬ. ಅವನ ತಂಗಿ ಕಲ್ಯಾಣಿಯ ಗಂಡ ಶೇಖರ ಇನ್ನೊಬ್ಬ. ಮಾಯಿಲಪ್ಪ ಕಲ್ಲು ಕಡಿಸುವುದು, ಶೇಖರ ಅದನ್ನು ಹೇರಿಕೊಂಡು ಮೂಡುಬಿದಿರೆಗೋ ಬೆಳ್ತಂಗಡಿಗೋ ಮನೆ ಕಟ್ಟುವವರ ಅಂಗಳಕ್ಕೆ ಹಾಕಿ ಬರುವುದು. ಇಬ್ಬರ ಮನೆಯೂ ಒಂದೇ ಗುಡ್ಡೆಯಲ್ಲಿ. ಮೇಲಿನದು ಅಣ್ಣನದು, ಕೆಳಗಿನದು ತಂಗಿಯದು.

ಮಾಯಿಲಪ್ಪ ಗಾಡಿಗೆ ಅಮಾವಾಸ್ಯೆ ತಪ್ಪಿಸುತ್ತಿರಲಿಲ್ಲ. ಆ ದಿನ ಅವನು ಬೆಳಿಗ್ಗೆಯೇ ಮಿಂದು, ಗ್ರೀಸಿನ ಡಬ್ಬಿ ಹಿಡಿದು, ಮೂಡುಬಿದಿರೆಯ ಹೊರವಲಯದಲ್ಲಿ ಹಲಸಿನ ಮರದಡಿಯಿದ್ದ ಉಸ್ಮಾನ್ ಬ್ಯಾರಿಯ ಗ್ಯಾರೇಜಿಗೆ ಗಾಡಿಯೊಂದಿಗೆ ಹೋಗುತ್ತಿದ್ದ. ಆಯಿಲ್ ಬದಲಿಸಿ, ಸ್ಪ್ರಿಂಗ್ ಪಟ್ಟಿಗಳನ್ನು ಬಿಗಿಸಿ, ಪ್ಲಗ್ಗು ಒರೆಸಿ, ಚಕ್ರ ಬಿಚ್ಚಿ ನೋಡುವಷ್ಟರಲ್ಲಿ ದಿನ ಹೋಗುತ್ತಿತ್ತು. ಆ ದಿನ ಶೇಖರ ಮರದಡಿ ಕೂತು ಬೀಡಿ ಸೇದುತ್ತ ಕೈತಪ್ಪಿದ ಲೋಡುಗಳ ಲೆಕ್ಕ ಹಾಕುತ್ತಿದ್ದ. ಓಡುವ ಗಾಡಿಯನ್ನು ಬಿಚ್ಚುವುದೆಂದರೆ ಅವನಿಗೆ ಉಣ್ಣುತ್ತಿರುವವನ ಬಾಯಿಂದ ಅನ್ನ ಕಿತ್ತಂತೆ.

ಒಂದು ಅಮಾವಾಸ್ಯೆ ಕಲ್ಯಾಣಿಯೂ ಜತೆಗೆ ಹೋಗಿದ್ದಳು, ಪೇಟೆಯಲ್ಲಿ ಸೀರೆ ತರಲಿಕ್ಕಿತ್ತು. ಉಸ್ಮಾನ್ ಹಿಂದಿನ ಚಕ್ರ ಬಿಚ್ಚಿ ಒಳಗೆ ನೋಡಿ ಹೇಳಿದ, "ಬ್ರೇಕಿನ ಲೈನಿಂಗ್ ಮುಗಿದಿದೆ. ರಿವೆಟ್ ಡ್ರಮ್ಮಿಗೆ ಉಜ್ಜುತ್ತಾ ಉಂಟು. ಆಯಿಲೂ ಸೋರ್ತದೆ. ಇವತ್ತು ಬಿಟ್ಟು ಹೋಗಿ, ನಾಳೆ ಸಂಜೆಗೆ ಕೊಡ್ತೇನೆ." ಮಾಯಿಲಪ್ಪ ಹೊಸ ಲೈನಿಂಗ್ ತರಲು ಪೇಟೆಗೆ ನಡೆದ. ಅವನು ತಿರುವು ದಾಟಿದ್ದೇ ಶೇಖರ ಎದ್ದು, "ಚಕ್ರ ಹಾಕಿ ಬ್ಯಾರಿಗಳೇ, ನಾಳೆ ಬೆಳ್ತಂಗಡಿಗೆ ಲೋಡು ಉಂಟು," ಎಂದ. ಉಸ್ಮಾನ್ ಬೇಡವೆಂದ. ಶೇಖರ ಮತ್ತೆ ಹೇಳಿದ, ಈ ಸಲ ಬೀಡಿ ಬಿಸಾಡಿ. ಉಸ್ಮಾನ್ ಚಕ್ರ ಹಾಕಿ ಬಿಗಿದ.

ಪೊಟ್ಟಣ ಹಿಡಿದು ಬಂದ ಮಾಯಿಲಪ್ಪ ಮತ್ತೆ ಹಾಕಿ ಬಿಗಿದ ಚಕ್ರವನ್ನು ನೋಡಿದ. ಆಮೇಲೆ ಶೇಖರನನ್ನು ನೋಡಿದ.

"ಇದೆಂತ?"

"ಮುಂದಿನ ತಿಂಗಳು ಮಾಡುವ ಬಾವ. ಗೇರಿನಲ್ಲಿ ನಿಲ್ಲಿಸ್ಲಿಕ್ಕೆ ನನಗೆ ಬರ್ತದೆ. ನೀವು ಈ ಗಾಡಿಯನ್ನು ಮದುವೆ ಆಗಿ. ಎಣ್ಣೆ ಸ್ನಾನ, ಗ್ರೀಸು, ಪೌಡರು. ಓಡಿಸುವುದನ್ನು ನನಗೆ ಬಿಡಿ."

"ಓಡಿಸ್ಲಿಕ್ಕೆ ಕೋಣಕ್ಕೂ ಬರ್ತದೆ," ಎಂದ ಮಾಯಿಲಪ್ಪ. "ನಿಲ್ಲಿಸ್ಲಿಕ್ಕೆ ಬರುವವ ಮನುಷ್ಯ. ನಿನ್ನ ಅಪ್ಪನೂ ಹಾಗೆಯೇ. ಹೆಂಡದಂಗಡಿಯಿಂದ ಹೊರಟವ ಬಾವಿಗೆ ಬಿದ್ದೇ ನಿಂತದ್ದು."

ಗ್ಯಾರೇಜಿಗೆ ರಿಪೇರಿಗೆಂದು ಬಂದಿದ್ದ ಬಸ್ಸಿನವರು ನಕ್ಕರು. ಮಾಯಿಲಪ್ಪ ಕಿಟಕಿಯೊಳಗೆ ಕೈ ಹಾಕಿ ಕೀಲಿ ಎಳೆದುಕೊಂಡ. ಶೇಖರ ಬಗ್ಗಿದ. ಅವನು ಎದ್ದಾಗ ಕೈಯಲ್ಲಿ ಜಾಕಿನ ರಾಡು ಇತ್ತು. ಕಲ್ಯಾಣಿ ನಡುವೆ ಬರುವ ಮೊದಲೇ ಅದು ಮಾಯಿಲಪ್ಪನ ಬಾಯಿಯ ಮೇಲೆ ಬಿತ್ತು. ತೆಂಗಿನಕಾಯಿ ಒಡೆದಂಥ ಸದ್ದು. ಮಾಯಿಲಪ್ಪ ಮೊಣಕಾಲೂರಿದ, ಕೀಲಿ ಕೈಯಿಂದ ಜಾರಿತು. ಬಾಯಿಂದ ರಕ್ತ, ರಕ್ತದ ಜತೆ ಹಲ್ಲು, ಮಣ್ಣಿಗೆ ಬಿದ್ದು ಎಣ್ಣೆಯ ಕಲೆಗಳ ನಡುವೆ ಬೆಳ್ಳಗೆ ಕಂಡವು. ಶೇಖರ ಇನ್ನೊಮ್ಮೆ ಎತ್ತಿದ. ಕಲ್ಯಾಣಿ ರಾಡಿಗೆ ಜೋತುಬಿದ್ದಳು. ಅವಳನ್ನೂ ಸೇರಿಸಿ ಅವನು ರಾಡು ಬೀಸಿದ, ಅವಳು ಹೋಗಿ ಮಡ್‌ಗಾರ್ಡಿಗೆ ಬಡಿದಳು. ಬಸ್ಸಿನವರು ಅವನನ್ನು ಹಿಡಿದು ಕೆಡವಿ, ಕಾಲಿಂದ ಒದ್ದು, ರಾಡು ಕಿತ್ತುಕೊಂಡರು.

ಮಾಯಿಲಪ್ಪ ಎದ್ದು ನಿಂತ. ಅಂಗಿಯ ಎದೆ ಪೂರ್ತಿ ಕೆಂಪಾಗಿತ್ತು. ಅವನು ಮೂಡಣಕ್ಕೆ, ಧರ್ಮಸ್ಥಳದ ದಿಕ್ಕಿಗೆ ಮುಖ ಮಾಡಿ, ಒಂದು ಕೈಯನ್ನು ಗಾಡಿಯ ಬಾನೆಟ್ಟಿನ ಮೇಲಿಟ್ಟ. ಏನು ಬರುತ್ತದೆಂದು ತಿಳಿದ ಕಲ್ಯಾಣಿ, "ಅಣ್ಣ, ಬೇಡ. ಬಾಯಿ ಮುಚ್ಚು," ಎಂದಳು. ಮುಚ್ಚಲಿಕ್ಕೆ ಅವನ ಬಾಯಿ ಸರಿಯಾಗಿ ಇರಲೂ ಇಲ್ಲ.

"ಧರ್ಮಸ್ಥಳದ ಅಣ್ಣಪ್ಪನ ಆಣೆ," ಎಂದ ಮಾಯಿಲಪ್ಪ. "ಇನ್ನು ಈ ಗಾಡಿಗೆ ಯಾರೂ ಸ್ಪ್ಯಾನರ್ ತಾಗಿಸಬಾರದು. ಇವನಿಗೆ ಗ್ಯಾರೇಜು ಬೇಡ ಅಲ್ವಾ? ಇನ್ನು ಬೇಕಾದರೂ ಸಿಗದಿರ್ಲಿ."

ಬಸ್ಸಿನವರು ಶೇಖರನನ್ನು ಬಿಟ್ಟು ಹಿಂದೆ ಸರಿದರು. ಉಸ್ಮಾನ್ ತನ್ನ ಕೈಯ ಸ್ಪ್ಯಾನರನ್ನು ಬಿಸಿ ಕೆಂಡವೆಂಬಂತೆ ನೆಲಕ್ಕಿಟ್ಟ. ಆಣೆ ಅಂದರೆ ಆ ಸೀಮೆಯಲ್ಲಿ ಬೈಗುಳವಲ್ಲ. ಗದ್ದೆಯ ಮೇಲೆ ಹಾಕಿದರೆ ಗದ್ದೆ ಬೀಳು ಬೀಳುತ್ತದೆ, ಬಾವಿಯ ಮೇಲೆ ಹಾಕಿದರೆ ಬಾವಿಯ ಹಗ್ಗ ಕುಂಬಾಗಿ ಕಡಿದುಹೋಗುತ್ತದೆ. ಹಾಕಿದವನೂ ಹಾಕಿಸಿಕೊಂಡವನೂ ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿ, ಎದುರೆದುರು ನಿಂತು ಮಾತು ಬಿಟ್ಟುಕೊಟ್ಟು, ತಪ್ಪು ಕಾಣಿಕೆ ಹಾಕಿದರೆ ಮಾತ್ರ ಅದು ಬಿಡುತ್ತದೆ. ಅಲ್ಲಿಯವರೆಗೆ ಆ ಎರಡು ಮನೆಗಳ ನಡುವೆ ಒಂದು ಲೋಟ ನೀರೂ ನಡೆಯುವುದಿಲ್ಲ.

"ನೀವು ಬ್ಯಾರಿ, ನಿಮಗೆ ಆಣೆ ತಾಗ್ಲಿಕ್ಕಿಲ್ಲ," ಎಂದ ಶೇಖರ, ಮಣ್ಣು ಉಗುಳುತ್ತ.

"ನನ್ನಜ್ಜ ಇದೇ ಆಣೆಗೆ ಹೆದರಿ ಬೇಲಿ ಹಿಂದಕ್ಕೆ ಸರಿಸಿದವರು," ಎಂದ ಉಸ್ಮಾನ್. "ನಾನು ಮುಟ್ಟುವುದಿಲ್ಲ. ಇಲ್ಲಿಂದ ಬಂಟ್ವಾಳದವರೆಗೆ ಯಾರೂ ಮುಟ್ಟುವುದಿಲ್ಲ. ಮಾತು ನಿಮಗಿಂತ ಮೊದಲು ಮನೆ ಸೇರ್ತದೆ, ನೋಡಿ."

ಕಲ್ಯಾಣಿ ಮೊಣಕೈಯ ರಕ್ತವನ್ನು ಸೆರಗಿಗೆ ಒರೆಸಿಕೊಂಡಳು. ಇಬ್ಬರ ಕಡೆಗೂ ನೋಡದೆ ಉಸ್ಮಾನನಿಗೆ ಹೇಳಿದಳು, "ಈ ಬ್ರೇಕನ್ನು ನಾನು ಮಾಡಿಸ್ತೇನೆ ಬ್ಯಾರಿಗಳೇ. ಇವರಿಬ್ಬರನ್ನೂ ಕರ್ಕೊಂಡೇ ಮಾಡಿಸ್ತೇನೆ. ನಡೆದು ಬಂದರೆ ನಡೆಸಿ, ಇಲ್ಲದಿದ್ದರೆ ಹೊತ್ತು."

ಶೇಖರ ಬಿದ್ದ ಕೀಲಿ ಹೆಕ್ಕಿಕೊಂಡ, ಗಾಡಿ ನಿಲ್ಲಿಸಲಿಲ್ಲ. ಆಣೆ ಇದ್ದದ್ದು ಸ್ಪ್ಯಾನರಿಗೆ, ಓಡಿಸುವುದಕ್ಕಲ್ಲ. ಪೆಟ್ರೋಲು ಹಾಕಬಹುದಿತ್ತು, ನೀರು ಹಾಕಬಹುದಿತ್ತು. ಬಾವನ ಕೋರೆಯ ಕಲ್ಲು ಸಿಗದಿದ್ದರೇನು, ಬೇರೆ ಕೋರೆಗಳಿದ್ದವು. ಮೊದಮೊದಲು ಅವನು ಮೇಲಿನ ಮನೆಗೆ ಕೇಳುವಂತೆ ಹಾರನ್ ಹೊಡೆದು ಹೊರಡುತ್ತಿದ್ದ. ಆಮೇಲೆ ಹಾರನ್ ಸತ್ತಿತು. ದೀಪ ಸತ್ತವು. ಬ್ಯಾಟರಿ ಸತ್ತಿತು. ಮುಂದಿನಿಂದ ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಾಯಿತು. ಒಂದು ಬೆಳಿಗ್ಗೆ ಇಂಜಿನು ಒದ್ದು ಹ್ಯಾಂಡಲನ್ನು ತಿರುಗಾ ಎಸೆಯಿತು. ಅದು ಶೇಖರನ ಗದ್ದಕ್ಕೆ ಹೊಡೆದು ಅವನ ನಾಲಗೆ ಹಲ್ಲುಗಳ ನಡುವೆ ಸಿಕ್ಕಿ ಕೊಯ್ದುಹೋಯಿತು. ಅವನು ರಕ್ತ ಉಗುಳುತ್ತ ಅದೇ ಹ್ಯಾಂಡಲಿನಿಂದ ಗಾಡಿಗೆ ಬಡಿದ. ಕುರುಡಾಗಿದ್ದ ದೀಪಗಳ ಗಾಜು ಪುಡಿಯಾಯಿತು, ಬಾನೆಟ್ಟು ಬೊಬ್ಬೆ ಎದ್ದಂತೆ ಆಯಿತು. ಬಡಿದು ಸುಸ್ತಾಗಿ ಮತ್ತೆ ತಿರುಗಿಸಿದ. ಗಾಡಿ ಕೆಮ್ಮಿ ಎದ್ದಿತು.

ಮೇಲಿನ ಮನೆಯ ಜಗಲಿಯಲ್ಲಿ ಮಾಯಿಲಪ್ಪ ಕೂತು ಇದನ್ನೆಲ್ಲ ಕೇಳುತ್ತಿದ್ದ. ಫ್ಯಾನಿನ ಬೆಲ್ಟು ಕೀಚಲಿಟ್ಟರೆ ಅವನ ಮುಖ ಕಿವಿಚುತ್ತಿತ್ತು. ಸೈಲೆನ್ಸರ್ ಹರಿದ ದಿನ ಅವನು ಉಣ್ಣಲಿಲ್ಲವೆಂದು ಅವನ ಹೆಂಡತಿ ಬೇಲಿಯಾಚೆಯ ಖದೀಜಳ ಹತ್ತಿರ ಹೇಳಿದಳು. ಖದೀಜ ಅದನ್ನು ಕಲ್ಯಾಣಿಗೆ ಹೇಳಿದಳು. ಎರಡು ಮನೆಗಳ ಮಾತು ಈಗ ಹೀಗೆ ಖದೀಜಳ ಅಂಗಳ ಸುತ್ತಿ ಬರುತ್ತಿತ್ತು.

ಬ್ರೇಕು ಒಂದೇ ದಿನ ಹೋಗಲಿಲ್ಲ. ಒಂದು ಸಲ ಒತ್ತಿದರೆ ಹಿಡಿಯುತ್ತಿದ್ದದ್ದು, ಹಲವು ಸಲ ಪಂಪು ಹೊಡೆದರೆ ಹಿಡಿಯುವಂತಾಯಿತು. ಹ್ಯಾಂಡ್ ಬ್ರೇಕು ಬರೀ ಕೋಲಾಯಿತು. ನಿಲ್ಲಿಸಿದಾಗಲೆಲ್ಲ ಚಕ್ರಕ್ಕೆ ಕಲ್ಲು ಕೊಡಬೇಕಿತ್ತು. ವೇಣೂರಿನ ಹತ್ತಿರದ ಇಳಿಜಾರಿನಲ್ಲಿ ಒಂದು ಮಧ್ಯಾಹ್ನ ಕಲ್ಲಿನ ಲೋಡು ಹಿಂದಿನಿಂದ ದೂಡುತ್ತಿರಲು ಶೇಖರ ಪಂಪು ಹೊಡೆದ, ಗೇರು ಇಳಿಸಿದ, ಕೊನೆಗೆ ರಸ್ತೆ ಬದಿಯ ಮಣ್ಣಿನ ಧರೆಗೆ ಉಜ್ಜಿಸಿದ. ತಿರುವಿನಲ್ಲಿ ಯಾರದೋ ಹಾಲು ಕರೆಯುವ ಎಮ್ಮೆ ನಿಂತಿತ್ತು. ಗಾಡಿ ಅದರ ಹೊಟ್ಟೆಯ ಮೇಲೆ ಹತ್ತಿ ನಿಂತಿತು. ಎಮ್ಮೆ ಸಾಯಲು ತುಂಬ ಹೊತ್ತು ತೆಗೆದುಕೊಂಡಿತು. ಅದರ ಕೂಗು ಕೇಳಿ ಗದ್ದೆಯಿಂದ ಬಂದವರು ಶೇಖರನನ್ನು ಬಾಗಿಲಿಂದ ಎಳೆದು, ಎಮ್ಮೆಯ ರಕ್ತದಲ್ಲೇ ಕೆಡವಿ, ಹಾರೆಯ ಕಾವಿನಿಂದ ಹೊಡೆದರು. ಬ್ರೇಕಿಲ್ಲದ ಗಾಡಿಯನ್ನು ರಸ್ತೆಗೆ ತಂದವನೆಂದು ಹೊಡೆದರು. ಅವನು ಇಲ್ಲವೆನ್ನಲಿಲ್ಲ.

ಮನೆಗೆ ಬಂದಾಗ ಅವನ ಒಂದು ಕಣ್ಣು ಮುಚ್ಚಿತ್ತು. ಕಲ್ಯಾಣಿ ಬಿಸಿನೀರು ತಂದು ಮುಖ ಒರೆಸುತ್ತ ಹೇಳಿದಳು, "ಎಮ್ಮೆಯ ಜಾಗದಲ್ಲಿ ಯಾರದಾದರೂ ಮಗು ಇದ್ದಿದ್ದರೆ? ಧರೆಯ ಜಾಗದಲ್ಲಿ ಪ್ರಪಾತ ಇದ್ದಿದ್ದರೆ? ನಾಳೆ ಅಣ್ಣನ ಕಾಲು ಹಿಡಿಯುವ. ನಾನೂ ಬರ್ತೇನೆ. ಧರ್ಮಸ್ಥಳಕ್ಕೆ ಹೋಗುವ."

ಅವನು ಅವಳ ಕೆನ್ನೆಗೆ ಹೊಡೆದ. ನೀರಿನ ಪಾತ್ರೆ ಉರುಳಿತು. "ಕಾಲು ಹಿಡಿಯುವುದಾದರೆ ಮುರೀಲಿಕ್ಕೆ ಹಿಡೀತೇನೆ," ಎಂದ.

ಕಲ್ಯಾಣಿ ಕೆನ್ನೆ ಮುಟ್ಟಿಕೊಳ್ಳದೆ ಎದ್ದು ನೇರ ಮೇಲಿನ ಮನೆಗೆ ಹೋದಳು. ಮಾಯಿಲಪ್ಪ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ, ಈಗ ಅವನಿಗೆ ಕುಟ್ಟದೆ ತಿನ್ನಲಾಗುತ್ತಿರಲಿಲ್ಲ. ತಂಗಿಯ ಕೆನ್ನೆಯ ಮೇಲಿನ ಬೆರಳುಗಳನ್ನು ನೋಡಿದ. ಕುಟ್ಟುವುದು ನಿಂತಿತು.

"ಅಣ್ಣ, ಅವರು ಸಾಯ್ತಾರೆ."

"ಸಾಯ್ಲಿ."

"ಗಾಡಿಯೂ ಸಾಯ್ತದೆ."

ಅವನು ಕುಟ್ಟಾಣಿಯನ್ನು ಬದಿಗೆ ಸರಿಸಿದ. "ನನ್ನ ಹಲ್ಲು ತಂದು ಇಲ್ಲಿ ಇಡ್ಲಿಕ್ಕೆ ಹೇಳು," ಎಂದ ಆಮೇಲೆ, ಎದುರಿನ ಹಲಗೆ ತೋರಿಸಿ. "ಎಲ್ಲವನ್ನೂ. ತೊಳೆದು. ಮತ್ತೆ ಹೋಗುವ ಧರ್ಮಸ್ಥಳಕ್ಕೆ."

ಅತ್ತಿಗೆ ಆಣೆ ಮರೆತು ಒಳಗಿನಿಂದ ಒಂದು ಚೊಂಬು ನೀರು ತಂದಳು. ಮಾಯಿಲಪ್ಪ ಅದನ್ನು ಕಾಲಿನಿಂದ ಒದ್ದ. ಚೊಂಬು ಮೆಟ್ಟಿಲುಗಳ ಮೇಲೆ ಉರುಳುತ್ತ ಅಂಗಳಕ್ಕೆ ಹೋಯಿತು. "ಆಣೆ ಉಂಟು. ಆ ಮನೆಯವರಿಗೆ ನೀರು ಕೊಡಬಾರದು," ಎಂದು ಹೆಂಡತಿಗೆ ಹೇಳಿದ. ಅವನು ಹುಟ್ಟಿದ ವರ್ಷ ಅಮ್ಮ ಕೊಂಡ ಚೊಂಬದು, ಅದರಲ್ಲೇ ಕಲ್ಯಾಣಿಯೂ ನೀರು ಕುಡಿದು ಬೆಳೆದವಳು. ಅವಳು ಅದನ್ನು ಎತ್ತಿ ಮೆಟ್ಟಿಲ ಮೇಲಿಟ್ಟು ಇಳಿದು ಬಂದಳು.

ದಾರಿಯಲ್ಲಿ ಅವಳಿಗೆ ಒಂದು ಕ್ಷಣ ಹೀಗೆ ಅನಿಸಿತು: ಗಾಡಿ ಗುಡ್ಡೆಯ ಇಳುಕಲಿನಲ್ಲಿ ಕಲ್ಲಿಗೆ ಒರಗಿ ಕಣ್ಣು ತೆರೆದಿದೆ. ಕೋಳಿ ಆಯಿತು, ನಾಯಿ ಆಯಿತು ಎಂದು ಎಣಿಸುತ್ತಿದೆ. ಒಡೆದ ದೀಪಗಳ ಗುಳಿಗಳು ಅವಳ ಮನೆಯ ಬಾಗಿಲನ್ನೇ ನೋಡುತ್ತಿದ್ದವು.

ಮರುದಿನ ಬೆಳಿಗ್ಗೆ ಶೇಖರ ಎಮ್ಮೆಗಾಗಿ ತಿಂದ ಏಟಿನ ಮೈಯಲ್ಲೇ ಬೆಳ್ತಂಗಡಿಗೆ ಹೊರಡುವವನಿದ್ದ. ಹಿಂದಿನ ದಿನ ಇಳಿಸದೆ ಉಳಿದ ಲೋಡು ತೊಟ್ಟಿಯಲ್ಲಿಯೇ ಇತ್ತು. ಗಾಡಿ ಅಂಗಳದ ಮೇಲಿನ ಇಳುಕಲಿನಲ್ಲಿ, ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕೊಟ್ಟ ಕಲ್ಲಿಗೆ ಒರಗಿ ನಿಂತಿತ್ತು. ಅವನು ಗಂಜಿ ಕುಡಿಯುತ್ತಿದ್ದ. ಕಲ್ಯಾಣಿ ಸೌದೆ ಕಡಿಯುವ ಕತ್ತಿ ತೆಗೆದುಕೊಂಡು ಹೊರಗೆ ಹೋದಳು. ಯಾರೂ ಏನೂ ಕೇಳಲಿಲ್ಲ, ಹೆಂಗಸರು ಕತ್ತಿ ಹಿಡಿದು ಹೊರಗೆ ಹೋಗುವುದು ದಿನಾ ಇದ್ದದ್ದೇ.

ಮುಂದಿನ ಎಡ ಟಯರಿಗೆ ಬದಿಯಿಂದ ಹೊಡೆದಳು. ಟಯರು ಮೊದಲೇ ಸವೆದು ನೂಲು ಬಿಟ್ಟಿತ್ತು, ಆದರೂ ಕತ್ತಿ ಪುಟಿದು ಅವಳ ಹಣೆಗೆ ಬರುವಂತಾಯಿತು. ಎರಡನೆಯ ಏಟಿಗೆ ಅದು ಒಡೆಯಿತು. ಗಾಳಿ ಬೊಬ್ಬಿಟ್ಟು ಹೊರಬಂದು ಅವಳ ಮುಖಕ್ಕೆ ಮಣ್ಣು ಎರಚಿತು. ಅವಳು ಬಲಗಡೆಗೆ ಓಡಿ ಅದನ್ನೂ ಕಡಿದಳು, ಸಿಟ್ಟೆಲ್ಲ ಕೈಗೆ ಬಂದು ಬೇಕಾದದ್ದಕ್ಕಿಂತ ಹೆಚ್ಚು ಕಡಿದಳು. ಗಾಡಿ ಮೂಗು ಮುರಿದವನಂತೆ ಮುಂದಕ್ಕೆ ಕುಸಿಯಿತು.

ಶೇಖರ ಎಂಜಲು ಕೈಯಲ್ಲೇ ಓಡಿಬಂದ. ಅವಳ ಜಡೆಯನ್ನು ಕೈಗೆ ಸುತ್ತಿ ತಲೆಯನ್ನು ಹಿಂದಕ್ಕೆ ಎಳೆದ. "ಹುಚ್ಚು ಹಿಡಿದಿದೆಯಾ ನಿನಗೆ?"

"ಚಕ್ರ ಬಿಚ್ಚಿ ಈಗ," ಎಂದಳು ಅವಳು, ಕುತ್ತಿಗೆ ತಿರುಚಿದಂತೆಯೇ. "ಸ್ಪ್ಯಾನರ್ ಇಲ್ಲದೆ ಬಿಚ್ಚಿ. ಬೆಳ್ತಂಗಡಿಗೆ ಹೋಗಿ."

ಟಯರು ಒಡೆದ ಸದ್ದಿಗೆ ಮಾಯಿಲಪ್ಪ ಬಡಿಗೆ ಹಿಡಿದು ಗುಡ್ಡೆಯಿಂದ ಇಳಿಯುತ್ತಿದ್ದ. ಕಡಿದ ಟಯರನ್ನು ಕಂಡವನು ಕಡಿದವರ ಮೇಲೆ ಬಡಿಗೆ ಎತ್ತಿದ. ಕಡಿದವಳು ತಂಗಿಯೆಂದು ಕಂಡ. ಅವಳ ಜಡೆ ಯಾರ ಕೈಯಲ್ಲಿದೆಯೆಂದೂ ಕಂಡ. ಬಡಿಗೆ ದಾರಿ ಬದಲಿಸಿ ಶೇಖರನ ಹೆಗಲಿಗೆ ಬಿತ್ತು.

"ಅವಳ ತಲೆ ಬಿಡು."

"ನೀವು ಬಡಿಗೆ ಎತ್ತಿದ್ದು ಯಾರ ಮೇಲೆ? ನನ್ನ ಹೆಂಡತಿಯ ಮೇಲೆ."

"ನನ್ನ ತಂಗಿ. ನಾನು ಹೊಡೆದೇನು. ನೀನು ಯಾರು?"

ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು ಗಾಡಿಯ ಮೂತಿಯ ಮುಂದೆ ಬಿದ್ದರು. ಶೇಖರ ಮುಷ್ಟಿಯಿಂದ ಬಾವನ ಕಿವಿಗೆ ಗುದ್ದಿದ. ಮಾಯಿಲಪ್ಪ ಉಳಿದ ಹಲ್ಲುಗಳಿಂದ ಅವನ ಮುಂಗೈ ಕಚ್ಚಿದ. ಉರುಳಾಡುವ ಕಾಲುಗಳಲ್ಲಿ ಯಾರದೋ ಒಂದು ಚಕ್ರಕ್ಕೆ ಕೊಟ್ಟ ಕಲ್ಲಿಗೆ ಒದೆಯಿತು. ಕಲ್ಲು ಜಾರಿತು.

ಗಾಡಿ ಅವಸರ ಮಾಡಲಿಲ್ಲ. ಹರಿದ ಟಯರುಗಳ ಮೇಲೆ ಕುಂಟುತ್ತ, ಕೆಂಪುಕಲ್ಲಿನ ಭಾರ ಹಿಂದಿನಿಂದ ಒತ್ತುತ್ತ, ಮೆಲ್ಲಗೆ ಇಳಿಯಿತು. ಕಲ್ಯಾಣಿ ಕೂಗಿದಳು. ಶೇಖರ ಬದಿಗೆ ಹೊರಳಿ, ಬಾಗಿಲು ಹಿಡಿದು ಒಳಗೆ ಹಾರಿ, ಬ್ರೇಕಿನ ಮೇಲೆ ಎರಡೂ ಕಾಲು ಇಟ್ಟು ನಿಂತ. ಪೆಡಲು ಕೆಸರಿನಲ್ಲಿ ಕಾಲಿಟ್ಟಂತೆ ತಳದವರೆಗೆ ಹೋಯಿತು. ಅವನು ಎತ್ತಿ ಮತ್ತೆ ಒತ್ತಿದ, ಮತ್ತೆ ಒತ್ತಿದ. ಅಲ್ಲಿ ಏನೂ ಇರಲಿಲ್ಲ. ಹೊರಗೆ ಒಣಸೌದೆ ಮುರಿದ ಸದ್ದಾಯಿತು.

ಅಂಗಳದ ಕಲ್ಲಿನ ಕಟ್ಟೆಗೂ ಗಾಡಿಯ ಬಂಪರಿಗೂ ನಡುವೆ ಮಾಯಿಲಪ್ಪನ ಬಲಗಾಲು ಮೊಣಕಾಲ ಕೆಳಗೆ ಸಿಕ್ಕಿತ್ತು. ಅವನ ಬಾಯಿ ತೆರೆದಿತ್ತು, ಮುಖ ಬೂದಿಯಾಗಿತ್ತು.

ಶೇಖರ ಇಳಿದು ಬಂಪರಿಗೆ ಭುಜ ಕೊಟ್ಟು ದೂಡಿದ. ಕಲ್ಲಿನ ಲೋಡು ಅಲುಗಲಿಲ್ಲ. ಇಂಜಿನು ಎಬ್ಬಿಸಿ ಹಿಂದೆ ತೆಗೆಯುವುದಕ್ಕೆ ಹ್ಯಾಂಡಲ್ ಹಾಕುವ ಜಾಗದಲ್ಲೇ ಬಾವ ಸಿಕ್ಕಿಕೊಂಡಿದ್ದ. ಅವನು ಸೀಟಿನಡಿಯಿಂದ ತುಕ್ಕು ಹಿಡಿದ ಸ್ಪ್ಯಾನರ್ ಎಳೆದು ತಂದು ಬಂಪರಿನ ಬೋಲ್ಟಿಗೆ ಇಡಲು ಹೋದ.

"ಇದು ಬಿಚ್ಚಿದರೆ ಕಾಲು ಬರ್ತದೆ ಬಾವ, ಈಗ ಬಿಚ್ತೇನೆ."

"ಮುಟ್ಟಬೇಡ," ಎಂದ ಮಾಯಿಲಪ್ಪ.

"ಕಾಲು ಹೋಗ್ತಾ ಉಂಟು."

"ಹೋಗ್ಲಿ. ಆಣೆ ಉಂಟು. ಹಾಕಿದವ ನಾನು." ಅವನು ಉಸಿರೆಳೆದುಕೊಂಡ. "ನನ್ನ ಕಾಲಿಗೆ ಅಂತ ಮುರಿದರೆ, ಆವತ್ತು ನಿನ್ನ ಮೇಲೆ ಹಾಕಿದ್ದು ಬರೀ ಸಿಟ್ಟು ಅಂತ ಆಗ್ತದೆ."

ಬೋಲ್ಟಿನಿಂದ ಒಂದು ಬೆರಳು ದೂರದಲ್ಲಿ ಶೇಖರನ ಸ್ಪ್ಯಾನರ್ ನಿಂತಿತು. ಆಮೇಲೆ ಅವನು ಅದನ್ನು ದೂರ ಎಸೆದ.

"ಕಲ್ಲು ಇಳಿಸಿ," ಎಂದಳು ಕಲ್ಯಾಣಿ. ಅವಳಾಗಲೇ ತೊಟ್ಟಿಯ ಮೇಲಿದ್ದಳು. ಗಂಡ ಹೆಂಡತಿ ಇಬ್ಬರೂ ಕಲ್ಲು ಎತ್ತಿ ಎಸೆದರು. ಕೆಂಪುಕಲ್ಲಿನ ಒರಟಿಗೆ ಅಂಗೈ ಸುಲಿಯಿತು, ಕಲ್ಯಾಣಿಯ ಕಾಲಿನ ಉಗುರೊಂದು ಕಲ್ಲಿನಡಿ ಹಾರಿಹೋಯಿತು. ಶೇಖರ ಅಳುತ್ತ ಬೈಯುತ್ತಿದ್ದ, ಯಾರನ್ನೆಂದು ಅವನಿಗೂ ತಿಳಿದಿರಲಿಲ್ಲ. ಗಾಡಿ ಹಗುರವಾದಾಗ ಹಾರೆ ಕೊಟ್ಟು ಮೀಟಿ ಹಿಂದಕ್ಕೆ ಒತ್ತಿದರು. ಮಾಯಿಲಪ್ಪ ಕೆಳಗೆ ಜಾರಿದ. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು.

"ನೀರು," ಎಂದ ಅವನು.

ಕಲ್ಯಾಣಿ ಒಳಗೆ ಓಡಿ ಲೋಟ ತಂದು ತುಟಿಗೆ ಹಿಡಿದಳು. ಅವನು ನೀರನ್ನು ನೋಡಿದ, ಹಲ್ಲು ಹೋದ ಬಾಯಿಯನ್ನು ಬಿಗಿ ಹಿಡಿದ, ಮುಖ ತಿರುಗಿಸಿದ. ಶೇಖರ ಬೇಲಿ ಹಾರಿದ. ಅವನು ಖದೀಜಳ ಮನೆಯಿಂದ ಮಣ್ಣಿನ ಮಗೆಯಲ್ಲಿ ನೀರು ತಂದು, ಬಾವನ ತಲೆಯನ್ನು ತೊಡೆಯ ಮೇಲಿಟ್ಟು ಕುಡಿಸಿದ. ಕಲ್ಯಾಣಿ ತನ್ನ ಮನೆಯ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಹೋಗುವ ಬಾವ," ಎಂದ ಶೇಖರ. "ನಿಮ್ಮ ಕಾಲು ಕೂಡಿದ ಮೇಲೆ. ಬಿಡಿಸುವ."

ಕಾಲು ಕೂಡಿತು, ಗಿಡ್ಡವಾಗಿ ಕೂಡಿತು. ಆಸ್ಪತ್ರೆಯಿಂದ ಬಂದು ಪ್ಲಾಸ್ಟರ್ ಬಿಚ್ಚಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಮೂವರೂ ಬಸ್ಸಿಗೆ ಕಾಯುತ್ತ ಸಿದ್ದಕಟ್ಟೆಯಲ್ಲಿ ನಿಂತರು. ಮಾಯಿಲಪ್ಪ ಊರುಗೋಲಿನ ಮೇಲಿದ್ದ.

"ಬಗ್ಗು," ಎಂದ ಶೇಖರನಿಗೆ.

"ಎಂತಕ್ಕೆ?"

"ಬಗ್ಗು ಮಾರಾಯ."

ಶೇಖರ ಬಗ್ಗಿದ. ಮಾಯಿಲಪ್ಪ ಊರುಗೋಲು ತಿರುಗಿಸಿ ಅವನ ಬಾಯಿಯ ಮೇಲೆ ಹೊಡೆದ. ಹಲ್ಲು ಬೀಳಲಿಲ್ಲ, ತುಟಿ ಎರಡಾಯಿತು. ನಿಲ್ದಾಣದಲ್ಲಿದ್ದವರು ಎದ್ದು ಬಂದರು. ಶೇಖರ ಕೈ ಎತ್ತಿ ಅವರನ್ನು ತಡೆದು, ರಕ್ತ ನುಂಗಿದ.

"ಸಿಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡು ದೇವರ ಎದುರು ನಿಲ್ಲಬಾರದು," ಎಂದ ಮಾಯಿಲಪ್ಪ. "ಈಗ ಹೋಗುವ."

"ಅಲ್ಲಿ ನೆನಪಾಗಿ ಇನ್ನೊಂದು ಕೊಡ್ಬೇಡಿ ಮತ್ತೆ," ಎಂದ ಶೇಖರ, ಸೀಳಿದ ತುಟಿಯಲ್ಲಿ. ಬಸ್ಸಿನ ಮೆಟ್ಟಿಲು ಎತ್ತರವಿತ್ತು. ಅವನು ಬೆನ್ನು ಕೊಟ್ಟು ಬಾವನನ್ನು ಹೊತ್ತು ಹತ್ತಿಸಿದ.

ಧರ್ಮಸ್ಥಳದಲ್ಲಿ ಇಬ್ಬರೂ ನೇತ್ರಾವತಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿ ಎದುರೆದುರು ನಿಂತರು. ಒಬ್ಬ ಆಡಿದ ಮಾತನ್ನು ಬಿಟ್ಟೆನೆಂದ, ಒಬ್ಬ ಎತ್ತಿದ ಕೈಯನ್ನು ಬಿಟ್ಟೆನೆಂದ. ತಪ್ಪು ಕಾಣಿಕೆ ಹಾಕಿದರು. ಅನ್ನಛತ್ರದಲ್ಲಿ ಅಕ್ಕಪಕ್ಕ ಕೂತು ಉಂಡರು, ಇಬ್ಬರಿಗೂ ಅಗಿಯಲು ಕಷ್ಟವಾಯಿತು. ಕಲ್ಯಾಣಿ ಅಣ್ಣನ ಲೋಟಕ್ಕೆ ನೀರು ಬಗ್ಗಿಸಿದಳು. ಅವನು ಕುಡಿದ. ಅವಳು ಮತ್ತೆ ಬಗ್ಗಿಸಿದಳು.

ಉಸ್ಮಾನ್ ಹಳೆಯ ಟಯರುಗಳನ್ನು ಬಸ್ಸಿನ ಮೇಲೆ ಹೇರಿಕೊಂಡು, ಸಾಮಾನಿನ ಚೀಲ ಹೊತ್ತು ಸಿದ್ದಕಟ್ಟೆಗೆ ಬಂದ. ಅವನು ಗಾಡಿಯನ್ನು ಸುತ್ತಿ ನೋಡಿ, "ಇದನ್ನು ಗಾಡಿ ಅಂತ ಹೇಳಿದ್ದು ಯಾರು?" ಎಂದು ಕೇಳಿದ. ಚೀಲದಿಂದ ಸ್ಪ್ಯಾನರ್ ತೆಗೆದು ಮಾಯಿಲಪ್ಪನ ಮುಂದೆ ಹಿಡಿದ. "ಮೊದಲು ನೀವು ತಾಗಿಸಿ. ಹೆದರಿಕೆ ಅಂತ ಅಲ್ಲ. ಆದರೂ."

ಮಾಯಿಲಪ್ಪ ಚಕ್ರದ ಹತ್ತಿರ ಚಾಪೆ ಹಾಕಿಸಿ, ಗಿಡ್ಡ ಕಾಲು ನೀಡಿ ಕೂತು, ಮೊದಲ ನಟ್ಟು ಸಡಿಲಿಸಿದ. ತುಕ್ಕು ಕಿರುಗುಟ್ಟಿತು. ಏನೂ ಆಗಲಿಲ್ಲ. ಉಸ್ಮಾನ್ ಬಿಸ್ಮಿಲ್ಲಾ ಎಂದು ಕೆಲಸಕ್ಕೆ ಇಳಿದ. ಡ್ರಮ್ಮುಗಳನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಬೇಕಾಯಿತು. ಒಳಗೆ ಲೈನಿಂಗ್ ಎಂಬುದು ಉಳಿದಿರಲಿಲ್ಲ, ಬರೀ ಕಬ್ಬಿಣ ಕಬ್ಬಿಣವನ್ನು ತಿಂದಿತ್ತು. ಹೊಸ ಬ್ರೇಕ್ ಶೂ ಕೂರಿಸಿದ, ಸೋರುವ ಸಿಲಿಂಡರುಗಳಿಗೆ ಹೊಸ ರಬ್ಬರು ಹಾಕಿದ, ತೂತಾದ ಪೈಪು ಬದಲಿಸಿದ. ಊಟದ ಹೊತ್ತು ದಾಟಿದರೂ ಯಾರೂ ಏಳಲಿಲ್ಲ.

ಉಳಿದದ್ದು ಪೈಪಿನಲ್ಲಿ ಸಿಕ್ಕ ಗಾಳಿ ತೆಗೆಯುವುದು. ಅದು ಒಬ್ಬನ ಕೆಲಸವಲ್ಲ. ಒಬ್ಬ ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬ ಅದೇ ಹೊತ್ತಿಗೆ ಚಕ್ರದ ಹಿಂದಿನ ಸ್ಕ್ರೂ ಸಡಿಲಿಸಿ ಗಾಳಿ ಬಿಟ್ಟು, ಒತ್ತಿದವನು ಕಾಲೆತ್ತುವ ಮೊದಲೇ ಬಿಗಿಯಬೇಕು. ಮಾತು ತಪ್ಪಿದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಶೇಖರ ಸೀಟು ಹತ್ತಿದ. ಮಾಯಿಲಪ್ಪ ಸ್ಪ್ಯಾನರ್ ಬಿಡಲಿಲ್ಲ. ಕಲ್ಯಾಣಿ ಬಾನೆಟ್ಟಿನ ಬದಿಯಲ್ಲಿ ನಿಂತು, ಬುಡ್ಡಿ ಖಾಲಿಯಾಗದ ಹಾಗೆ ಬ್ರೇಕ್ ಆಯಿಲ್ ಹೊಯ್ಯುತ್ತಿದ್ದಳು.

"ಒತ್ತು."

"ಒತ್ತಿದೆ."

"ಹಿಡಿ. ಬಿಡಬೇಡ, ಹಂದಿ, ನಾನು ಹೇಳುವವರೆಗೆ ಬಿಡಬೇಡ."

"ಹಿಡಿದಿದ್ದೇನೆ ಬಾವ."

ಸ್ಕ್ರೂವಿನ ಬಾಯಿಂದ ನೊರೆ ಬಂತು, ಗುಳ್ಳೆ ಬಂತು, ಕಪ್ಪು ನೀರು ಬಂತು. "ಬಿಡು," ಎಂದ ಮಾಯಿಲಪ್ಪ, ಬಿಗಿದು. ಮತ್ತೆ ಒತ್ತು, ಮತ್ತೆ ಹಿಡಿ. ಚಾಪೆಯನ್ನು ಎಳೆದೆಳೆದು ಅವನು ಒಂದೊಂದೇ ಚಕ್ರಕ್ಕೆ ಸರಿದ. ಕಲ್ಯಾಣಿ ಹೊಯ್ಯುತ್ತಲೇ ಇದ್ದಳು. ಕೊನೆಯ ಚಕ್ರದಲ್ಲಿ ಒಂದು ಸಣ್ಣ ಗುಳ್ಳೆ ಬಂದು ಒಡೆಯಿತು. ಅದರ ಹಿಂದೆ ಜೇನಿನಂಥ ತಿಳಿ ಆಯಿಲ್ ನೂಲಾಗಿ ಹರಿಯಿತು. ಮಾಯಿಲಪ್ಪ ಸ್ಕ್ರೂ ಬಿಗಿದ.

"ಒತ್ತು."

ಶೇಖರ ಒತ್ತಿದ. ಅರ್ಧದಲ್ಲಿ ಕಾಲು ಬಂಡೆಗೆ ತಾಗಿದಂತೆ ನಿಂತಿತು. ಅವನು ಮೈಯ ಭಾರವೆಲ್ಲ ಹಾಕಿದ. ಪೆಡಲು ಇಳಿಯಲಿಲ್ಲ.

"ನಿಂತಿತು," ಎಂದ.

ಉಸ್ಮಾನ್ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಕಾಲಿನಿಂದ ಸರಿಸಿದ. ಗಾಡಿ ಇಳುಕಲಿನಲ್ಲಿ ಇದ್ದಲ್ಲೇ ಇತ್ತು. ಕಲ್ಯಾಣಿ ಆಯಿಲಿನ ಡಬ್ಬಿಯ ಮುಚ್ಚಳ ಹಾಕಿದಳು.